ನೀರಿನ ಗುಣಧರ್ಮಗಳು ಮತ್ತು ನಿಂತ ನೀರಿನ ಒತ್ತಡ: ಸಾರ್ವಜನಿಕರ ಮಾಹಿತಿಗಾಗಿ

ಕುಡಿಯುವ ನೀರಿನ ಸಂಪರ್ಕ, ನೆಲದಡಿಯ ತೊಟ್ಟಿ ಹಾಗೂ ಮೇಲ್ಛಾವಣಿ ತೊಟ್ಟಿಗಳ ನಿರ್ಮಾಣಕ್ಕೆ ಸಂಬಂಧಿಸಿದ ಅರ್ಜಿಗಳಲ್ಲಿ “ಒತ್ತಡ”, “ಮಟ್ಟ”, “ಹೆಡ್” ಎಂಬ ಪದಗಳು ಪದೇ ಪದೇ ಬರುತ್ತವೆ. ಇವುಗಳ ಅರ್ಥ ತಿಳಿಯದೆ ಅರ್ಜಿದಾರರು ಅಗತ್ಯವಿಲ್ಲದ ಕಾಮಗಾರಿಗೆ ಹಣ ವ್ಯಯಿಸುವುದುಂಟು. ಕೆಲವೊಮ್ಮೆ ಅಪಾಯಕರವಾದ ಬದಲಾವಣೆಗಳನ್ನೂ ಮಾಡಿಕೊಳ್ಳುವುದುಂಟು. ಸಾರ್ವಜನಿಕರಿಗೂ, ಸಿವಿಲ್ ಇಂಜಿನಿಯರಿಂಗ್ ವ್ಯಾಸಂಗದ ಆರಂಭದಲ್ಲಿರುವ ವಿದ್ಯಾರ್ಥಿಗಳಿಗೂ ಅನುಕೂಲವಾಗಲೆಂದು ಈ ಮಾಹಿತಿಯನ್ನು ಸರಳ ಲೆಕ್ಕಗಳೊಂದಿಗೆ ಒದಗಿಸಲಾಗಿದೆ.

ಒತ್ತಡ ಎಂದರೇನು

ಘನವಸ್ತುವಿಗೆ ಸ್ವಂತ ಆಕಾರವಿದೆ, ದ್ರವಕ್ಕಿಲ್ಲ. ಪಕ್ಕದಿಂದ ಎಷ್ಟೇ ಅಲ್ಪ ಬಲ ಬಿದ್ದರೂ ದ್ರವವು ಜಾರಿ ಹರಿಯುತ್ತದೆ. ಆದುದರಿಂದ ನಿಶ್ಚಲವಾಗಿ ನಿಂತಿರುವ ನೀರು ತಾನು ತಾಗಿರುವ ಮೇಲ್ಮೈಯನ್ನು ಉಜ್ಜಲಾರದು. ಅದಕ್ಕೆ ಲಂಬವಾಗಿ ಒತ್ತುವುದು ಮಾತ್ರ ಸಾಧ್ಯ. ಗೋಡೆಯನ್ನು ಪಕ್ಕಕ್ಕೂ, ತಳವನ್ನು ಕೆಳಕ್ಕೂ, ಮುಳುಗಿರುವ ವಸ್ತುವಿನ ಅಡಿಭಾಗವನ್ನು ಮೇಲಕ್ಕೂ ನೀರು ಒತ್ತುತ್ತದೆ. ಒಂದು ಬಿಂದುವಿನಲ್ಲಿ ಈ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿರುತ್ತದೆ. ಇದನ್ನು ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ನಿರೂಪಿಸಿದನು. ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಅವನ ಹೆಸರನ್ನೇ ಇಡಲಾಗಿದೆ.

ಒಂದು ಘನ ಮೀಟರ್ ನೀರು ಎಂದರೆ 1000 ಲೀಟರ್. ತೂಕ ಸುಮಾರು 1000 ಕಿಲೋಗ್ರಾಂ, ಅಂದರೆ ಒಂದು ಟನ್. ಸಮುದ್ರದ ನೀರು ಇದಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 1025 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಪಾದರಸದ ತೂಕ ಸುಮಾರು 13,600 ಕಿಲೋಗ್ರಾಂ. ಈ ಒಂದು ಅಂಶದಿಂದಲೇ ಒತ್ತಡದ ಲೆಕ್ಕ ಹೊರಡುತ್ತದೆ. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ನೀರಿನ ಒತ್ತಡ ಒಂದು ಟನ್, ಎರಡು ಮೀಟರ್ ಆಳದಲ್ಲಿ ಎರಡು ಟನ್, ಹತ್ತು ಮೀಟರ್ ಆಳದಲ್ಲಿ ಹತ್ತು ಟನ್. ಹತ್ತು ಮೀಟರ್ ಆಳದ ಈ ಒತ್ತಡವನ್ನೇ ಪಂಪು ಮಾರುವ ಅಂಗಡಿಗಳಲ್ಲಿ “ಒಂದು ಕೆ.ಜಿ. ಪ್ರೆಷರ್” ಎನ್ನುವುದು ವಾಡಿಕೆ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ.

ಈ ಲೆಕ್ಕದಲ್ಲಿ ಆಳ ಬಂದಿದೆಯೇ ಹೊರತು ನೀರಿನ ಪ್ರಮಾಣ ಬಂದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಆರು ಮೀಟರ್ ಎತ್ತರಕ್ಕೆ ನೀರು ತುಂಬಿದ ಕಿರಿದಾದ ಕೊಳವೆಯ ತಳದಲ್ಲಿಯೂ, ಆರು ಮೀಟರ್ ಆಳದ ದೊಡ್ಡ ಕೆರೆಯ ತಳದಲ್ಲಿಯೂ ಒತ್ತಡ ಒಂದೇ. ಇದು ಸಾಮಾನ್ಯ ತಿಳುವಳಿಕೆಗೆ ವಿರುದ್ಧವೆನಿಸಿದರೂ ಪ್ರಯೋಗದಿಂದ ಸಿದ್ಧವಾದ ಸಂಗತಿ. ಮುಂದೆ ಹೇಳಿರುವುದೆಲ್ಲವೂ ಇದನ್ನೇ ಆಧರಿಸಿದೆ.

ಜಲಾಶಯಗಳ ಮಟ್ಟವನ್ನು ಓದುವ ಕ್ರಮ

ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗುವ ಜಲಾಶಯಗಳ ಮಟ್ಟದ ಅಂಕಿಗಳೆಲ್ಲವೂ ಒಂದೇ ಬಗೆಯವಲ್ಲ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಸ್ಥಳೀಯವಾಗಿ ಅಳೆದ ಎತ್ತರ. ಆಲಮಟ್ಟಿಯ 519.60 ಮೀಟರ್, ತುಂಗಭದ್ರೆಯ 1633 ಅಡಿ, ಲಿಂಗನಮಕ್ಕಿಯ 1819 ಅಡಿ ಎಂಬುವು ಸಮುದ್ರಮಟ್ಟದಿಂದ ಅಳೆದ ಎತ್ತರಗಳು. ಆದ್ದರಿಂದ ಲಿಂಗನಮಕ್ಕಿಯಲ್ಲಿ ನೀರು 1819 ಅಡಿ ಆಳವಿದೆಯೆಂದು ಭಾವಿಸತಕ್ಕದ್ದಲ್ಲ. ಒತ್ತಡದ ಲೆಕ್ಕಕ್ಕೆ ಬೇಕಾದುದು ನೀರಿನ ಮೇಲ್ಮೈಯಿಂದ ಪರಿಶೀಲಿಸುವ ಸ್ಥಳದವರೆಗಿನ ಆಳ ಮಾತ್ರ. ಕೃಷ್ಣರಾಜಸಾಗರ ಪೂರ್ಣ ತುಂಬಿದಾಗ 124.80 ಅಡಿ, ಅಂದರೆ ಸುಮಾರು 38 ಮೀಟರ್ ಆಳದಲ್ಲಿ ಅಣೆಕಟ್ಟಿನ ಪ್ರತಿ ಚದರ ಮೀಟರ್ ಭಾಗವು 38 ಟನ್ ಒತ್ತಡವನ್ನು ತಾಳಬೇಕು. ಮೇಲ್ಮಟ್ಟದಲ್ಲಿ ಈ ಒತ್ತಡ ಸೊನ್ನೆ. ಅಣೆಕಟ್ಟುಗಳು ತುದಿಯಲ್ಲಿ ಕಿರಿದಾಗಿಯೂ ಬುಡದಲ್ಲಿ ಅಗಲವಾಗಿಯೂ ಇರುವುದಕ್ಕೆ ಇದು ಮುಖ್ಯ ಕಾರಣ.

ತುಂಗಭದ್ರಾ ಜಲಾಶಯದ 19ನೇ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಂದು ಜಲಾಶಯ ಬಹುತೇಕ ತುಂಬಿತ್ತು. ಮುಂದಿನ ದಿನಗಳಲ್ಲಿ ರೈತರಲ್ಲಿಯೂ ನದಿಪಾತ್ರದ ಜನರಲ್ಲಿಯೂ ಇದ್ದ ಆತಂಕವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಒತ್ತಡದ ಲೆಕ್ಕವನ್ನಷ್ಟೇ ಕೊಡಲಾಗಿದೆ.

ಪ್ರತಿ ಗೇಟು 60 ಅಡಿ ಅಗಲ, 20 ಅಡಿ ಎತ್ತರವಿದೆ. ಅಂದರೆ ಸುಮಾರು 18.3 ಮೀಟರ್ ಮತ್ತು 6.1 ಮೀಟರ್. ನೀರು ಗೇಟಿನ ಮೇಲಂಚಿನವರೆಗೆ ನಿಂತಾಗ ಮೇಲಂಚಿನಲ್ಲಿ ಒತ್ತಡ ಸೊನ್ನೆ, ಕೆಳಅಂಚಿನಲ್ಲಿ ಚದರ ಮೀಟರಿಗೆ 6.1 ಟನ್. ಸರಾಸರಿ ಇದರ ಅರ್ಧ, 3.05 ಟನ್. ಗೇಟಿನ ವಿಸ್ತೀರ್ಣ ಸುಮಾರು 111.6 ಚದರ ಮೀಟರ್. ಎರಡನ್ನೂ ಗುಣಿಸಿದರೆ ಒಟ್ಟು ಬಲ ಸುಮಾರು 340 ಟನ್. ಹಿಂದೆ 100 ಟಿ.ಎಂ.ಸಿ. ನೀರಿರಲಿ, ಗೇಟಿನ ಬೆನ್ನಿಗೆ ಅದೇ ಆಳದ ಒಂದು ಸಣ್ಣ ಕಾಲುವೆಯಷ್ಟೇ ನೀರು ನಿಂತಿರಲಿ, ಗೇಟಿನ ಮೇಲೆ ಬೀಳುವ ಬಲ ಇದೇ 340 ಟನ್. ಜಲಾಶಯದ ವಿಸ್ತಾರಕ್ಕೆ ಇದರಲ್ಲಿ ಪಾತ್ರವಿಲ್ಲ. ಗೇಟು ಹೋದ ಮೇಲೆ ಎಷ್ಟು ದಿನ ನೀರು ಹರಿದುಹೋಗುತ್ತದೆ ಎಂಬುದನ್ನು ಮಾತ್ರ ವಿಸ್ತಾರವು ನಿರ್ಧರಿಸುತ್ತದೆ.

ಈಗ ನೀರಿನ ಮಟ್ಟವು ಹತ್ತು ಅಡಿ ಇಳಿದು, ಗೇಟಿನ ಅರ್ಧದವರೆಗೆ ಮಾತ್ರ ನೀರು ನಿಂತಿದೆ ಎಂದುಕೊಳ್ಳೋಣ. ಬಲವೂ ಅರ್ಧವಾಗುವುದೆಂದು ತೋರಬಹುದು. ಆದರೆ ಸರಾಸರಿ ಒತ್ತಡವೂ ಅರ್ಧ, ನೀರು ತಾಗುವ ವಿಸ್ತೀರ್ಣವೂ ಅರ್ಧ. ಆದುದರಿಂದ ಬಲವು ಕಾಲುಭಾಗಕ್ಕೆ, ಸುಮಾರು 85 ಟನ್ನಿಗೆ ಇಳಿಯುತ್ತದೆ. ಇಂತಹ ದುರಸ್ತಿಯಲ್ಲಿ ಮಟ್ಟವು ಒಂದೊಂದು ಅಡಿ ಇಳಿದರೂ ಕೆಲಸ ಗಣನೀಯವಾಗಿ ಸುಲಭವಾಗುವುದಕ್ಕೆ ಇದೇ ಕಾರಣ. 2024ರಲ್ಲಿ ಉಳಿದ ಗೇಟುಗಳನ್ನು ತೆರೆದು ನೀರನ್ನು ಹೊರಬಿಡಲಾಯಿತು. ಇಡೀ ಗೇಟಿನ ಬದಲು ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಒಂದರ ಮೇಲೊಂದರಂತೆ ಇಳಿಸಲಾಯಿತು. ಆಗಸ್ಟ್ 16ರಂದು ಮೊದಲ ಭಾಗ ಇಳಿದು, ಮರುದಿನ ಹರಿವು ನಿಂತಿತು. 2025ರ ಮುಂಗಾರಿನಲ್ಲಿ ಜಲಾಶಯದ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಸೀಮಿತಗೊಳಿಸಿದುದರ ಅರ್ಥವೂ ಇದರಿಂದ ತಿಳಿಯುತ್ತದೆ: ಹಳೆಯ ಗೇಟುಗಳ ಮೇಲೆ ನಿಲ್ಲುವ ನೀರಿನ ಎತ್ತರವನ್ನು ಕಡಿಮೆ ಮಾಡಿದರೆ ಬಲವು ಅದಕ್ಕಿಂತ ವೇಗವಾಗಿ ತಗ್ಗುತ್ತದೆ.

ಮನೆಯ ತೊಟ್ಟಿಯ ಗೋಡೆ

ಇದೇ ಲೆಕ್ಕ ಮನೆಯ ತೊಟ್ಟಿಗೂ ಅನ್ವಯಿಸುತ್ತದೆ. ಎರಡು ಮೀಟರ್ ಆಳದ ತೊಟ್ಟಿಯ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ನೀರಿನ ಬಲ 2 ಟನ್. ಆಳವನ್ನು ಮೂರು ಮೀಟರಿಗೆ ಹೆಚ್ಚಿಸಿದರೆ 4.5 ಟನ್. ಈ ಬಲವು ತಳದಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ ಕೇಂದ್ರೀಕೃತವಾದಂತೆ ವರ್ತಿಸುತ್ತದೆ. ಗೋಡೆಯನ್ನು ಬುಡದಲ್ಲಿ ಬಗ್ಗಿಸುವ ಪರಿಣಾಮವು ಬಲ ಮತ್ತು ಆ ಎತ್ತರದ ಗುಣಲಬ್ಧವಾದುದರಿಂದ, ಆಳ ಒಂದೂವರೆ ಪಟ್ಟಾದಾಗ ಅದು ಮೂರು ಪಟ್ಟನ್ನೂ ಮೀರುತ್ತದೆ. ಮಂಜೂರಾದ ನಕ್ಷೆಯಲ್ಲಿ ಎರಡು ಮೀಟರ್ ಇದ್ದ ತೊಟ್ಟಿಯನ್ನು ಮೇಸ್ತ್ರಿಯ ಸಲಹೆಯಂತೆ ಅದೇ ದಪ್ಪದ ಗೋಡೆಯಲ್ಲಿ ಮೂರು ಮೀಟರಿಗೆ ಏರಿಸುವುದು ಸರಿಯಲ್ಲ. ಹೆಚ್ಚು ನೀರು ಬೇಕಿದ್ದಲ್ಲಿ ಆಳವನ್ನು ಹೆಚ್ಚಿಸುವ ಬದಲು ಉದ್ದ ಅಥವಾ ಅಗಲವನ್ನು ಹೆಚ್ಚಿಸುವುದು ಕ್ಷೇಮ. ನೆಲದ ಮೇಲೆ ಇಟ್ಟಿಗೆಯಿಂದ ಕಟ್ಟುವ ತೊಟ್ಟಿಗಳಲ್ಲಿ ಹೊರಗಡೆಯಿಂದ ಮಣ್ಣಿನ ಆಸರೆಯೂ ಇರುವುದಿಲ್ಲ. ಅವುಗಳ ಬಳಿ ಮಕ್ಕಳು ಆಡುವುದು, ಜನ ಬಟ್ಟೆ ಒಗೆಯುವುದು ಸಾಮಾನ್ಯವಾದ್ದರಿಂದ ವಿನ್ಯಾಸವನ್ನು ಅರ್ಹ ಇಂಜಿನಿಯರರಿಂದಲೇ ಪಡೆಯತಕ್ಕದ್ದು.

ನೆಲದಡಿಯ ತೊಟ್ಟಿಗೆ ಇನ್ನೊಂದು ಅಪಾಯವಿದೆ. ಸುತ್ತಲಿನ ಅಂತರ್ಜಲ ಏರಿದಾಗ ನೀರು ತೊಟ್ಟಿಯ ತಳವನ್ನು ಮೇಲಕ್ಕೆ ಒತ್ತುತ್ತದೆ. 5000 ಲೀಟರಿನ ಖಾಲಿ ತೊಟ್ಟಿ ಪೂರ್ಣವಾಗಿ ಅಂತರ್ಜಲದಲ್ಲಿ ಮುಳುಗಿದರೆ ಮೇಲ್ಮುಖ ಬಲ ಸುಮಾರು 5 ಟನ್. ಪ್ಲಾಸ್ಟಿಕ್ ತೊಟ್ಟಿಯ ಸ್ವಂತ ತೂಕ ಇದರ ಅತ್ಯಲ್ಪ ಭಾಗ ಮಾತ್ರವಾದುದರಿಂದ, ಕಾಂಕ್ರೀಟಿನ ಅಡಿಪಾಯಕ್ಕೆ ಬಿಗಿಯದೆ ಹೂತ ತೊಟ್ಟಿ ಮಳೆಗಾಲದಲ್ಲಿ ನೆಲವನ್ನು ಸೀಳಿ ಮೇಲೇಳಬಲ್ಲದು. ಕರಾವಳಿಯಲ್ಲಿಯೂ ಕೆರೆಯಂಗಳದ ಬಡಾವಣೆಗಳಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಚ್ಛಗೊಳಿಸುವ ಸಲುವಾಗಿ ತೊಟ್ಟಿಯನ್ನು ಪೂರ್ತಿ ಬರಿದು ಮಾಡದಿರುವುದು ಒಳ್ಳೆಯದು. ದೊಡ್ಡ ಅಣೆಕಟ್ಟುಗಳ ಅಡಿಯಲ್ಲಿಯೂ ಇದೇ ಬಲ ಕೆಲಸ ಮಾಡುತ್ತದೆ. 1895ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೂಝೆ ಅಣೆಕಟ್ಟು ಒಡೆದು 80ಕ್ಕೂ ಹೆಚ್ಚು ಜನ ಸತ್ತ ನಂತರವೇ ಕಲ್ಲುಕಟ್ಟಡದೊಳಗೆ ನುಗ್ಗುವ ನೀರಿನ ಮೇಲ್ಮುಖ ಒತ್ತಡವನ್ನು ವಿನ್ಯಾಸಕಾರರು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿದರು.

ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದೇಕೆ

ಮೇಲ್ಛಾವಣಿಯ ತೊಟ್ಟಿಯಲ್ಲಿನ ನೀರಿನ ಮೇಲ್ಮೈ ಸ್ನಾನಗೃಹದ ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ದೊರೆಯುವ ಒತ್ತಡ ಮೂರು ಮೀಟರಿನದೇ, ಅಂದರೆ 0.3 ಕೆ.ಜಿ. 1000 ಲೀಟರಿನ ತೊಟ್ಟಿಯನ್ನು ತೆಗೆದು ಅಷ್ಟೇ ಎತ್ತರದ, ಅಗಲವಾದ 2000 ಲೀಟರಿನ ತೊಟ್ಟಿ ಇಟ್ಟರೂ ಇದು ಬದಲಾಗದು. ತೊಟ್ಟಿಯ ಕಟ್ಟೆಯನ್ನು ಒಂದು ಮೀಟರ್ ಏರಿಸಿದರೆ 0.1 ಕೆ.ಜಿ. ಹೆಚ್ಚುತ್ತದೆ. ಕೊಳವೆಯ ಅಗಲದ ವಿಷಯ ಸ್ವಲ್ಪ ಬೇರೆ. ನಲ್ಲಿ ಮುಚ್ಚಿ ನೀರು ನಿಂತಿರುವಾಗ ಕೊಳವೆ ಅರ್ಧ ಅಂಗುಲದ್ದಾದರೂ ಒಂದು ಅಂಗುಲದ್ದಾದರೂ ಒತ್ತಡ ಒಂದೇ. ನೀರು ಹರಿಯತೊಡಗಿದಾಗ ಮಾತ್ರ ಅದರ ಜಿಗುಟುತನದಿಂದ ಕೊಳವೆಯ ಗೋಡೆಯಲ್ಲಿ ಘರ್ಷಣೆ ಉಂಟಾಗಿ ಒತ್ತಡ ನಷ್ಟವಾಗುತ್ತದೆ. ಕಿರಿದಾದ ಅಥವಾ ಒಳಗೆ ತುಕ್ಕು ಕಟ್ಟಿದ ಕೊಳವೆಯಲ್ಲಿ ಈ ನಷ್ಟ ಹೆಚ್ಚು. ಹೀಗಾಗಿ ದೊಡ್ಡ ಕೊಳವೆಯು ನಷ್ಟವನ್ನು ತಗ್ಗಿಸಬಲ್ಲದು. ಇಲ್ಲದ ಒತ್ತಡವನ್ನು ಸೃಷ್ಟಿಸಲಾರದು.

ಬಡಾವಣೆಯ ಮೇಲ್ಮಟ್ಟದ ಜಲಸಂಗ್ರಹಾಗಾರದಲ್ಲಿ ನೀರಿನ ಮಟ್ಟ ಅದರ ಬುಡದ ನೆಲದಿಂದ 18 ಮೀಟರ್ ಎತ್ತರವಿದೆ ಎನ್ನೋಣ. ಅರ್ಜಿದಾರರ ನಿವೇಶನವು ಆ ನೆಲಕ್ಕಿಂತ 10 ಮೀಟರ್ ದಿಣ್ಣೆಯಲ್ಲಿದ್ದರೆ ಉಳಿಯುವುದು 8 ಮೀಟರ್. ಅದರಲ್ಲಿ ಘರ್ಷಣೆಯ ನಷ್ಟವನ್ನೂ ಮೊದಲ ಮಹಡಿಯ ಎತ್ತರವನ್ನೂ ಕಳೆದರೆ ಮಹಡಿಯ ನಲ್ಲಿಗೆ ಬಹುತೇಕ ಏನೂ ಉಳಿಯದು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 1999ರ ಕೈಪಿಡಿಯು ಸಂಪರ್ಕದ ಸ್ಥಳದಲ್ಲಿ ಒಂದು ಅಂತಸ್ತಿನ ಕಟ್ಟಡಕ್ಕೆ ಕನಿಷ್ಠ 7, ಎರಡಕ್ಕೆ 12, ಮೂರಕ್ಕೆ 17 ಮೀಟರ್ ಒತ್ತಡವನ್ನು ಸೂಚಿಸಿತ್ತು. 2024ರಲ್ಲಿ ಪರಿಷ್ಕೃತ ಕೈಪಿಡಿ ಬಂದಿರುವುದರಿಂದ ಹೊಸ ವಿನ್ಯಾಸಗಳಿಗೆ ಅದನ್ನು ನೋಡತಕ್ಕದ್ದು.

ಬೆಂಗಳೂರು ನಗರದ ವಿಷಯದಲ್ಲಿ ಇಡೀ ನಗರವೇ ದಿಣ್ಣೆಯ ಮೇಲಿದೆ. ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಒಂದೇ ಹಂತದಲ್ಲಿ ಎತ್ತುವುದಾದರೆ ಕೊಳವೆಯ ಆರಂಭದಲ್ಲಿ 50 ಕೆ.ಜಿ.ಗೂ ಮೀರಿದ ಒತ್ತಡ ಬೀಳುತ್ತಿತ್ತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪು ಮಾಡುವುದರಿಂದ ಕೊಳವೆಗಳ ಮೇಲಿನ ಹೊರೆ ಹಂಚಿಹೋಗುತ್ತದೆ.

ಬೀದಿ ಕೊಳವೆಗೆ ನೇರವಾಗಿ ಪಂಪು ಜೋಡಿಸುವುದು

ಒತ್ತಡ ಸಾಲದೆಂದು ಬೀದಿ ಕೊಳವೆಯ ಸಂಪರ್ಕಕ್ಕೇ ಮೋಟಾರು ಜೋಡಿಸಿ ನೀರನ್ನು ಹೀರುವ ಪರಿಪಾಠ ಹಲವು ಕಡೆ ಇದೆ. ನೆರೆಯವರ ಪಾಲಿನ ನೀರು ಕಡಿಮೆಯಾಗುವುದಷ್ಟೇ ಇದರ ದೋಷವಲ್ಲ. ಸಾಮಾನ್ಯವಾಗಿ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಹೆಚ್ಚಿರುವುದರಿಂದ, ಕೀಲು ಸಡಿಲವಿದ್ದರೂ ನೀರು ಹೊರಕ್ಕೆ ಸೋರುತ್ತದೆಯೇ ವಿನಾ ಹೊರಗಿನ ಕೊಳೆ ಒಳಕ್ಕೆ ಬರುವುದಿಲ್ಲ. ಮೋಟಾರು ಹೀರಿದಾಗ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ತಗ್ಗುತ್ತದೆ. ಆಗ ಅದೇ ಸಡಿಲ ಕೀಲಿನಿಂದ ಪಕ್ಕದ ಚರಂಡಿಯ ನೀರು ಒಳಕ್ಕೆ ನುಗ್ಗುತ್ತದೆ. ಅದು ಮೋಟಾರು ಇಟ್ಟ ಮನೆಗೆ ಮಾತ್ರ ಹೋಗದೆ ಇಡೀ ಬೀದಿಗೆ ಸೇರಿ ವಾಂತಿಭೇದಿ, ಕಾಮಾಲೆ ಹರಡಲು ಕಾರಣವಾಗಬಲ್ಲದು. ನೀರನ್ನು ಮೊದಲು ನೆಲದಡಿಯ ತೊಟ್ಟಿಗೆ ಬಿಟ್ಟುಕೊಂಡು ಅಲ್ಲಿಂದ ಮೇಲಕ್ಕೆತ್ತುವುದೇ ಸರಿಯಾದ ಕ್ರಮ.

ಪಂಪು ಹೀರುವುದಕ್ಕೂ ಒಂದು ಮಿತಿಯಿದೆ. ಪಂಪು ನೀರನ್ನು ಎಳೆಯುವುದಿಲ್ಲ; ತನ್ನ ಬಾಯಿಯಲ್ಲಿ ಒತ್ತಡವನ್ನು ತಗ್ಗಿಸುತ್ತದೆ, ಹೊರಗಿನ ವಾಯುಮಂಡಲವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ವಾಯುಮಂಡಲವು ಸುಮಾರು 10.3 ಮೀಟರ್ ನೀರಿನ ಕಂಬಕ್ಕೆ ಸಮ. 900 ಮೀಟರಿನಷ್ಟು ಎತ್ತರದ ಬೆಂಗಳೂರಿನಲ್ಲಿ ಸುಮಾರು 9.3 ಮೀಟರ್. ಒತ್ತಡ ತೀರಾ ತಗ್ಗಿದರೆ ನೀರು ಆವಿಯಾಗಿ ಪಂಪಿನಲ್ಲಿ ಗುಳ್ಳೆಗಳೇಳುವುದರಿಂದ, ಘರ್ಷಣೆಯನ್ನೂ ಸೇರಿಸಿ, ವ್ಯವಹಾರದಲ್ಲಿ ಆರೇಳು ಮೀಟರಿಗಿಂತ ಆಳದಿಂದ ಹೀರಲಾಗದು. ಆಳವಾದ ಕೊಳವೆಬಾವಿಗೆ ದಡದ ಮೇಲಿನ ಪಂಪು ಪ್ರಯೋಜನಕ್ಕೆ ಬಾರದೆ ನೀರಿನೊಳಗೇ ಇಳಿಸುವ ಸಬ್‌ಮರ್ಸಿಬಲ್ ಪಂಪು ಬೇಕಾಗುವುದು ಈ ಕಾರಣಕ್ಕೆ. ಅಶ್ವಶಕ್ತಿ ಹೆಚ್ಚಿಸಿದರೂ ಮಿತಿ ಬದಲಾಗದು.

ನೀರು ಸುಲಭವಾಗಿ ಕುಗ್ಗುವುದಿಲ್ಲ ಎಂಬುದೂ ತಿಳಿದಿರಬೇಕು. ಅದರ ಗಾತ್ರವನ್ನು ನೂರಕ್ಕೆ ಒಂದರಷ್ಟು ಕುಗ್ಗಿಸಲು 200 ಕೆ.ಜಿ.ಗೂ ಮೀರಿದ ಒತ್ತಡ ಬೇಕು. ಈ ಕಾರಣ, ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರನ್ನು ಥಟ್ಟನೆ ತಡೆದರೆ ಕ್ಷಣಕಾಲ 100 ಮೀಟರಿಗೂ ಮಿಕ್ಕಿದ ಒತ್ತಡದ ಪೆಟ್ಟು ಬೀಳುತ್ತದೆ. ನೀರಗಂಟಿಯು ವಾಲ್ವನ್ನು ನಿಧಾನವಾಗಿ ಸುತ್ತು ಸುತ್ತಾಗಿ ಮುಚ್ಚುವುದು ಆಲಸ್ಯದಿಂದಲ್ಲ.

ಅರ್ಜಿದಾರರ ಗಮನಕ್ಕೆ

ಹೊಸ ಸಂಪರ್ಕಕ್ಕೆ ಅಥವಾ ಒತ್ತಡ ಕಡಿಮೆಯೆಂಬ ದೂರಿಗೆ ಅರ್ಜಿ ಸಲ್ಲಿಸುವವರು ನಿವೇಶನವು ರಸ್ತೆಯ ಮಟ್ಟಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗಿದೆ, ಕಟ್ಟಡದ ಅಂತಸ್ತುಗಳೆಷ್ಟು, ತೊಟ್ಟಿಯ ಆಳ ಮತ್ತು ಕಟ್ಟೆಯ ಎತ್ತರವೆಷ್ಟು ಎಂಬುದನ್ನು ಮೀಟರಿನಲ್ಲಿ ನಮೂದಿಸಿದರೆ ಸ್ಥಳ ಪರಿಶೀಲನೆ ಸುಲಭವಾಗುತ್ತದೆ. ತೊಟ್ಟಿ ಎಷ್ಟು ಲೀಟರಿನದು ಎಂಬುದನ್ನು ಮಾತ್ರ ಬರೆದ ಅರ್ಜಿಯಿಂದ ಒತ್ತಡವನ್ನು ಲೆಕ್ಕ ಹಾಕಲು ಬರುವುದಿಲ್ಲ. ನೆಲದಡಿಯ ತೊಟ್ಟಿಯಿದ್ದಲ್ಲಿ ಬೀದಿ ಕೊಳವೆಯ ನೀರು ಅದರೊಳಕ್ಕೆ ತಾನಾಗಿಯೇ ಬೀಳುವಂತೆ ಒಳಹರಿವಿನ ಬಾಯಿಯು ತೊಟ್ಟಿಯ ತುಂಬು ಮಟ್ಟಕ್ಕಿಂತ ಮೇಲಿರತಕ್ಕದ್ದು.