ಲಾರ್ಡ್ ಹ್ಯಾರಿಸ್ ಮತ್ತು ಬೊಂಬಾಯಿಯ ಮೈದಾನ

ಇಂಗ್ಲೆಂಡ್ ತಂಡದ ನಾಯಕನಾಗಿದ್ದ ಲಾರ್ಡ್ ಹ್ಯಾರಿಸ್ 1890ರಲ್ಲಿ ಬೊಂಬಾಯಿಯ ಗವರ್ನರ್ ಆಗಿ ಬಂದರು. ಭಾರತಕ್ಕೆ ಕ್ರಿಕೆಟ್ ಕಲಿಸಿದವರೇ ಅವರು ಎಂದು ಹೊಗಳುವವರಿದ್ದಾರೆ. ಆದರೆ 1886 ಮತ್ತು 1888ರಲ್ಲೇ ಪಾರ್ಸಿಗಳು ಇಂಗ್ಲೆಂಡಿಗೆ ಹೋಗಿ ಆಡಿ ಬಂದಿದ್ದರು.

ಊರಿನವರು ಆಡುತ್ತಿದ್ದ ಮೈದಾನವನ್ನು ಯುರೋಪಿಯನ್ನರ ಪೋಲೊ ಕುದುರೆಗಳು ತುಳಿದು ಹಾಳು ಮಾಡುತ್ತಿದ್ದವು. ಇದನ್ನು ನಿಲ್ಲಿಸಿ ಎಂದು 1881ರಿಂದಲೇ ಅರ್ಜಿಗಳು ಹೋಗಿದ್ದವು. ಕ್ರಿಕೆಟಿಗನೇ ಗವರ್ನರ್ ಆದರೂ ಪೋಲೊ ನಿಲ್ಲಲಿಲ್ಲ. ಬದಲಿಗೆ ಕಡಲ ಬದಿಯಲ್ಲಿ, ಪಾರ್ಸಿಗಳ ಪಕ್ಕದಲ್ಲಿ, ಮುಸ್ಲಿಮರಿಗೂ ಹಿಂದೂಗಳಿಗೂ ಬೇರೆ ಬೇರೆ ಜಿಮ್ಖಾನಾ ಜಾಗ ಸಿಕ್ಕಿತು.

ಅಲ್ಲಿ ಆಟ ಬೆಳೆದದ್ದು ನಿಜ. 1912ರಲ್ಲಿ ಮುಸ್ಲಿಂ ತಂಡವೂ ಬೊಂಬಾಯಿಯ ದೊಡ್ಡ ಪಂದ್ಯಾವಳಿಗೆ ಸೇರಿತು. ಆದರೆ ಧರ್ಮಕ್ಕೊಂದು ತಂಡ ಎಂಬ ರೂಢಿಯೂ ಜೊತೆಗೇ ಬೇರೂರಿತು. ಆ ಪಂದ್ಯಾವಳಿ ನಿಂತದ್ದು 1946ರಲ್ಲಿ. ಹ್ಯಾರಿಸರ ಹೆಸರು ಹೇಳುವಾಗ ಅರ್ಜಿ ಬರೆದವರನ್ನೂ ನೆನೆಯೋಣ. ಅವರು ಕೇಳಿದ್ದು ಬೇರೆ ಜಾಗವನ್ನಲ್ಲ, ತಾವು ಆಡುತ್ತಿದ್ದ ಮೈದಾನವನ್ನೇ.