ಅರ್ಧ ಗಂಟೆಯ ಇಂಟರ್‌ನೆಟ್ಟು ಮತ್ತು ಕನ್ನಡದ ಫಾಂಟು

ನಾನು ಕಾಸರಗೋಡಿನವಳು, ಆದರೆ ಡಯಲ್-ಅಪ್ ಮೋಡೆಮ್ಮಿನ ಕಿರುಚಾಟ ಕೇಳಿದ ತಲೆಮಾರಿನವಳಲ್ಲ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ನಮ್ಮ ಮೇಡಂ ಹೇಳಿದ್ದು. 2000ದ ಸುಮಾರಿಗೆ ಅವರು ಕೇರಳದ ವಿಶ್ವವಿದ್ಯಾನಿಲಯವೊಂದರಲ್ಲಿ ಸಂಶೋಧನೆ ಮಾಡ್ತಿದ್ದರು. ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಐದು ವರ್ಷವಾದರೂ ಇವರ ವಿಭಾಗಕ್ಕೆ ಇದ್ದದ್ದು ಒಂದೇ ಫೋನ್ ಲೈನು. ಇಂಟರ್‌ನೆಟ್ ಹಾಕಿದರೆ ಫೋನಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬರೆದವರಿಗೆ ದಿನಕ್ಕೆ ಅರ್ಧ ಗಂಟೆ.

28.8 ಕಿಲೋಬಿಟ್‌ನ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಒಂದು ಎಂ.ಬಿ. ಇಳಿಯಲು ಐದು ನಿಮಿಷದ ಹತ್ತಿರ ಬೇಕು. ಹಾಗಾಗಿ ಪತ್ರವನ್ನು ಮೊದಲೇ ಟೈಪ್ ಮಾಡಿಟ್ಟು, ಲೈನ್ ಸಿಕ್ಕಿದ ಕೂಡಲೇ ಕಳಿಸಿ, ಪುಟಗಳನ್ನು ಫ್ಲಾಪಿಗೆ ತುಂಬಿಸಿ, ಲೈನ್ ಕಟ್ ಮಾಡಿದ ಮೇಲೆ ಓದುವುದು. ಇಷ್ಟು ಎಲ್ಲರದ್ದೂ ಕಥೆ.

ಕನ್ನಡದವರಿಗೆ ಇನ್ನೊಂದು ತಾಪತ್ರಯವಿತ್ತು ನೋಡಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆ ಕಂಪ್ಯೂಟರಿಗೆ ಅದು ತಲುಪಿರಲಿಲ್ಲ. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಅದಿಲ್ಲದೆ ಬೆಂಗಳೂರಿನ ಪತ್ರಿಕೆ ತೆರೆದರೆ ಬರೀ ಚಿತ್ತಾರ. ಅರ್ಧ ಗಂಟೆಯಲ್ಲಿ ಒಂದು ಪಾಲು ಫಾಂಟ್ ಇಳಿಸುವುದಕ್ಕೇ ಹೋಗುತ್ತಿತ್ತು. ವಾರ ಬಿಟ್ಟು ಬಂದರೆ ಯಾರೋ ಅದನ್ನು ಅಳಿಸಿರ್ತಿದ್ದರು! ಮೈಸೂರಿನ ಗೆಳತಿಗೆ ಕೊನೆಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದರಂತೆ.

ರಿಜಿಸ್ಟರಿನ 'ಉದ್ದೇಶ' ಕಾಲಮ್ಮಿನಲ್ಲಿ ಒಮ್ಮೆ 'ಕನ್ನಡ ಫಾಂಟ್' ಅಂತ ಬರೆದದ್ದಕ್ಕೆ, ಇದೆಂಥ ಸಂಶೋಧನೆ ಅಂತ ಆಫೀಸಿನವರು ಕೇಳಿದರು. ಮರುದಿನದಿಂದ ಮೇಡಂ 'ಇಮೇಲ್' ಅಂತಲೇ ಬರೆದರು. ಆ ರಿಜಿಸ್ಟರ್ ಇವತ್ತು ನನ್ನ ಕೈಗೆ ಸಿಕ್ಕಿದರೂ ಕಾಣುವುದು ಅದೊಂದೇ ಪದ, ಪುಟದ ಮೇಲೆ ಪುಟ.