ಹಳೆಯ ಮರದ ಪರೀಕ್ಷೆ

ಬೀದರವನ್ನು ನೆನೆದೊಡನೆ ಕಲ್ಲಿನ ಕೋಟೆಯೂ, 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸೆಯೂ ಕಣ್ಣಿಗೆ ಕಟ್ಟುವುವು. ಆದರೆ ಆ ನಗರವು ಕಲ್ಲಿನಿಂದ ಮಾತ್ರವೇ ಆದುದಲ್ಲ. ಕೋಟೆಯೊಳಗಣ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳೂ ಬೋದಿಗೆಗಳೂ ಇಂದಿಗೂ ನಿಂತಿವೆ. ಅಲಿ ಬರೀದನ (1542-1580) ಕಾಲದ್ದೆಂದು ಎಣಿಸುವ ಈ ಕೆಲಸದಲ್ಲಿ ಹಿಂದೂ ಮುಸಲ್ಮಾನ ಶೈಲಿಗಳೆರಡೂ ಬೆರೆತಿವೆ. ಕಲ್ಲು ಉಳಿಯಿತು, ಮರವಾದರೋ ಬೆಂಕಿ, ಮಳೆ, ಗೆದ್ದಲುಗಳಿಗೆ ತುತ್ತಾಗುವ ವಸ್ತು. ಆದುದರಿಂದ ಬೀದರ, ಭಾಲ್ಕಿ, ಔರಾದಗಳಲ್ಲಿ ಹಳೆಯ ಮನೆಯನ್ನು ಕೆಡವಿದಾಗ ದೊರೆಯುವ ತೊಲೆ ಕಂಬಗಳು ಬರಿಯ ಸೌದೆಯಲ್ಲ. ಅವು ಓದತಕ್ಕ ದಾಖಲೆಗಳು.

ಕಡೆಯುವ ಕಲೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಲಕ್ಕುಂಡಿಯಂಥ ಸ್ಥಳಗಳಲ್ಲಿ ಕಂಬಗಳನ್ನು ತಿರುಗಣೆಯಲ್ಲಿ ಕಡೆದು ನುಣುಪುಗೊಳಿಸಿದರು. ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡುದರಿಂದಲೇ ಅದು ಸಾಧ್ಯವಾಯಿತು. ಮರಕ್ಕೂ ಇದೇ ನ್ಯಾಯ. ಚನ್ನಪಟ್ಟಣದ ಕುಶಲಿಗಳು ಬಿಳಿಯ, ನಯವಾದ, ಸಮನಾದ ಎಳೆಯ ಹಾಲೆಮರವನ್ನು ಮೆಚ್ಚಿದರು. ಆದರೆ ಹಾಲೆಯು ಸಣ್ಣ ಮರ, ತೊಲೆಗೆ ಒದಗದು. ಹಳೆಯ ಮನೆಯಲ್ಲಿ ಸಿಕ್ಕುವುದು ಭಾರ ಹೊರಲೆಂದು ಆರಿಸಿದ ಮರವೇ ಹೊರತು ಕಡೆಯಲೆಂದು ಆರಿಸಿದುದಲ್ಲ. ಪರೀಕ್ಷೆಯ ಅವಶ್ಯಕತೆ ಇಲ್ಲಿಯೇ ಇರುವುದು.

ಹೊಗೆ, ಎಣ್ಣೆ, ಬಣ್ಣಗಳಿಂದ ಕಪ್ಪಾದ ಮೇಲ್ಮೈಯನ್ನು ನಂಬಲಾಗದು. ತುದಿಯನ್ನು ಹರಿತವಾದ ಉಳಿಯಿಂದ ತೆಳ್ಳಗೆ ಹೆರೆದು, ನೀರು ಸವರಿ ನೋಡಬೇಕು. ಸಾಗುವಾನಿಯಾದರೆ ವರ್ಷದ ಬಳೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಕಾಣುವುದು. ಕೈಗೆ ಎಣ್ಣೆಯ ಜಿಡ್ಡು, ಮೂಗಿಗೆ ತನ್ನದೇ ವಾಸನೆ. ಅದು ಚೆನ್ನಾಗಿ ಕಡೆಯಲು ಬರುವುದಾದರೂ ಅದರಲ್ಲಿರುವ ಮರಳಿನಂಥ ಅಂಶವು ಉಳಿಯನ್ನು ಬೇಗ ಮೊಂಡುಮಾಡುವುದು. ಗಾಲಿಯ ನಾಭಿಗೆ ಬಳಸುತ್ತಿದ್ದ ಜಾಲಿಯು ಕೆಂಗಂದು, ಭಾರ, ಬಲು ಗಟ್ಟಿ. ಹುಣಸೆಯ ಹೊರಭಾಗ ತಿಳಿಬಣ್ಣ, ಒಳತಿರುಳು ಕಪ್ಪುನೇರಳೆ. ಒನಕೆ ಕೊಡತಿಗಳಿಗೆ ಹೆಸರಾದುದು. ಬೇವಿನ ಎಳೆಗಳು ಒಂದರೊಳಗೊಂದು ಹೆಣೆದಿರುವುದರಿಂದ ಉಳಿಗೆ ಸಿಕ್ಕಿ ಕಿತ್ತುಬರುವುವು. ಮಾವು ಸುಲಭವಾಗಿ ಕಡೆಯಲ್ಪಡುವುದು. ಆದರೆ ಹುಳು ಹತ್ತುವುದೂ ಅಷ್ಟೇ ಸುಲಭ.

ಜಾತಿ ತಿಳಿದಮೇಲೆ ಗುಣ. ಬಹುಕಾಲ ಒಣಗಿದ ಮರವು ಸೊಟ್ಟಗಾಗುವುದು ಕಡಿಮೆ. ಇದೇ ಹಳೆಯ ಮರದ ಹಿರಿಮೆ. ಆದರೆ ಇಡಿಯ ದಿಮ್ಮಿಯಿಂದ ಮಾಡಿದ ಕಂಬದಲ್ಲಿ ನಡುದಿಂಡಿನಿಂದ ಬಿರುಕುಗಳು ಹೊರಟಿರುತ್ತವೆ. ಆ ದಿಂಡನ್ನು ಬಿಟ್ಟು ಪಕ್ಕದ ತುಂಡನ್ನೇ ತೆಗೆಯತಕ್ಕದ್ದು. ಬಡಿದರೆ ಖಣಿಲೆನ್ನುವುದು ಗಟ್ಟಿ; ಮಂಕುಧ್ವನಿಯಾದರೆ ಒಳಗೆ ಗೆದ್ದಲೋ ಕೊಳೆತವೋ ಇರಬಹುದು. ಜಾಲಿಯಂಥ ಒಗರು ಮರದಲ್ಲಿ ನೀಲಿಗಪ್ಪು ಕಲೆ ಕಂಡರೆ ಮೊಳೆಯಿದೆಯೆಂದು ಸಂಶಯಿಸಬೇಕು. ಒಗರಿಗೆ ಕಬ್ಬಿಣ ಕೂಡಿದಾಗ ಮಸಿಯ ಬಣ್ಣ ಹುಟ್ಟುವುದು. ತಿರುಗುವ ಮರದೊಳಗಿನ ಮೊಳೆಯು ಉಳಿಯನ್ನು ಮುರಿಯುವುದು, ಕೈಯನ್ನೂ ಕೆಡಿಸುವುದು.

ಇಷ್ಟೆಲ್ಲ ಪರೀಕ್ಷೆಗಳಲ್ಲಿ ಗೆದ್ದ ಮರಕ್ಕೂ ಕೊನೆಯದೊಂದು ಪರೀಕ್ಷೆ ಉಳಿದಿದೆ. ಅದರ ಮೇಲೆ ಕೆತ್ತನೆಯಿದೆಯೇ, ಬಾಚಿಯ ಗುರುತಿದೆಯೇ, ಕೀಲಿನ ಹಳೆಯ ಗಾಡಿಯಿದೆಯೇ? ಇದ್ದರೆ ಅದು ತಿರುಗಣೆಗೆ ಸಲ್ಲದು. ಕೆತ್ತನೆಯಿಲ್ಲದ ತೊಲೆಯಿಂದ ಬಟ್ಟಲಾಗಲಿ, ತೊಟ್ಟಿಲ ಕಾಲಾಗಲಿ ಹುಟ್ಟಿದರೆ ಮರವು ಎರಡನೆಯ ಸಲ ಬಾಳುವುದು. ಕೆತ್ತಿದ ಬೋದಿಗೆಯನ್ನು ಕಡೆದರೆ ನೆಲಕ್ಕೆ ಬೀಳುವುದು ಬರಿಯ ಹೊಟ್ಟಲ್ಲ, ಒಂದು ಊರಿನ ನೆನಪು.